ಸೋತವನು ಕಟ್ಟಿದ ಬೆಲೆ

2022ರ ಜನವರಿಯಲ್ಲಿ ಅಮೆರಿಕದ ಡಲ್ಲಾಸ್ ನಗರದ ಹೆರಿಟೇಜ್ ಹರಾಜು ಸಂಸ್ಥೆ ಒಂದು ಹಾಳೆಯನ್ನು 33.6 ಲಕ್ಷ ಡಾಲರಿಗೆ ಮಾರಿತು. 1984ರ ‘ಸೀಕ್ರೆಟ್ ವಾರ್ಸ್’ ಕಾಮಿಕ್ಸ್ ಮಾಲಿಕೆಯ ಎಂಟನೆಯ ಸಂಚಿಕೆಗೆ ಮೈಕ್ ಝೆಕ್ ಬರೆದ 25ನೆಯ ಪುಟ ಅದು. ಸ್ಪೈಡರ್‌ಮ್ಯಾನ್ ಮೈಗೆ ಕಪ್ಪು ಉಡುಪು ಅಂಟಿಕೊಂಡ ಕಥೆಯನ್ನು ಮೊದಲು ಹೇಳಿದ ಪುಟ. ಸವಾಲು 3.3 ಲಕ್ಷ ಡಾಲರಿನಿಂದ ಶುರುವಾಗಿ, ಖರೀದಿದಾರ ಕೊಡಬೇಕಾದ ಶುಲ್ಕವೂ ಸೇರಿ, ಹತ್ತು ಪಟ್ಟು ದಾಟಿತು. ಇದೇ ಸಂಚಿಕೆಯ ಅಚ್ಚಾದ ಪ್ರತಿಗಳು ಹಳೆಯ ಕಾಮಿಕ್ಸ್ ಮಾರುವವರ ಬಳಿ ಸಂಬಳದಾರನೊಬ್ಬನ ಕೈಗೆಟುಕುವ ಬೆಲೆಗೆ ಇವತ್ತಿಗೂ ಸಿಗುತ್ತವೆ. ಅವುಗಳಲ್ಲಿ ಈ ಪುಟ ಬಣ್ಣದಲ್ಲಿದೆ, ಕಥೆಯ ಹಿಂದುಮುಂದು ಸಮೇತ ಇದೆ. ಹರಾಜಾದ ಹಾಳೆಯಲ್ಲಿ ಬಣ್ಣವಿಲ್ಲ, ಕಥೆಯ ತಲೆಬುಡವೂ ಇಲ್ಲ. ಓದುವುದಕ್ಕೆ ಹೋಲಿಸಿದರೆ ಅಚ್ಚಿನ ಪ್ರತಿಯೇ ಮೇಲು. ಹಾಗಿದ್ದೂ ಒಬ್ಬ ಮನುಷ್ಯ ಕಡಿಮೆ ಇರುವುದಕ್ಕೆ ಇಷ್ಟು ಹೆಚ್ಚು ಕೊಟ್ಟನೆಂದರೆ ಅವನು ಕೊಂಡದ್ದು ಏನನ್ನು? ಶ್ರೀಮಂತರ ಹುಚ್ಚು ಎಂದು ತಳ್ಳಿಹಾಕಬಹುದು. ಆದರೆ ಈ ಪ್ರಶ್ನೆಯ ಬೇರು ಹಣದಲ್ಲಿಲ್ಲ. ಒಂದು ವಸ್ತು ಇನ್ನೊಂದಕ್ಕಿಂತ ಹೆಚ್ಚು ಪವಿತ್ರವಾಗುವುದು ಹೇಗೆ, ಹಾಗೆ ಪವಿತ್ರವಾದದ್ದಕ್ಕೆ ಬೆಲೆ ಕಟ್ಟಬಹುದೆ ಎಂಬ ಹಳೆಯ ಧಾರ್ಮಿಕ ಜಿಜ್ಞಾಸೆಯೇ ಇಲ್ಲಿ ಹೊಸ ವೇಷದಲ್ಲಿ ನಿಂತಿದೆ.

ಕಾಮಿಕ್ಸ್‌ನಲ್ಲಿ ‘ಮೂಲ’ ಎಂಬುದೇ ವಿಚಿತ್ರ ವಸ್ತು. ಒಬ್ಬ ಪೆನ್ಸಿಲ್ಲಿನಲ್ಲಿ ಚಿತ್ರ ಬರೆಯುತ್ತಾನೆ, ಇನ್ನೊಬ್ಬ ಅದರ ಮೇಲೆ ಇಂಕು ಹಾಕುತ್ತಾನೆ, ಮತ್ತೊಬ್ಬ ಮಾತಿನ ಗುಳ್ಳೆಗಳಲ್ಲಿ ಅಕ್ಷರ ಬರೆಯುತ್ತಾನೆ. ಬಣ್ಣ ತುಂಬುವವನು ಈ ಹಾಳೆಯನ್ನು ಮುಟ್ಟುವುದೇ ಇಲ್ಲ. ಅವನದು ಬೇರೆ ಪ್ರತಿಯ ಮೇಲಿನ ಕೆಲಸ. ಆಮೇಲೆ ಹಾಳೆ ಕ್ಯಾಮೆರಾದ ಮುಂದೆ ಹೋಗಿ, ಗಾತ್ರದಲ್ಲಿ ಕುಗ್ಗಿ, ಅಗ್ಗದ ಕಾಗದದ ಮೇಲೆ ಲಕ್ಷಗಟ್ಟಲೆ ಪ್ರತಿಗಳಾಗಿ ಹೊರಬೀಳುತ್ತದೆ. ಓದುಗನಿಗಾಗಿ ಮಾಡಿದ್ದು ಆ ಪ್ರತಿ. ಹಾಳೆ ಅಲ್ಲಿಗೆ ತಲುಪುವ ಮೆಟ್ಟಿಲು. ನೆಲ್ಸನ್ ಗುಡ್‌ಮನ್ ಎಂಬ ತತ್ವಜ್ಞಾನಿ 1968ರಲ್ಲಿ ಕಲೆಯ ಭಾಷೆಗಳ ಕುರಿತು ಬರೆದ ಪುಸ್ತಕದಲ್ಲಿ ಕಲೆಗಳನ್ನು ಎರಡು ಬಗೆಯಾಗಿ ವಿಂಗಡಿಸಿದ. ವರ್ಣಚಿತ್ರದಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂಬುದು ಮುಖ್ಯ. ಕಾವ್ಯ, ಸಂಗೀತಗಳಲ್ಲಿ ಸರಿಯಾದ ಪ್ರತಿಯೆಲ್ಲವೂ ಅಸಲಿಯೇ. ತಾಮ್ರದ ತಗಡಿನಿಂದ ಅಚ್ಚು ಹಾಕುವ ಎಚಿಂಗ್ ಕಲೆಯ ವಿಷಯದಲ್ಲಿ ಅವನು ಹೇಳಿದ್ದು, ಅಲ್ಲಿ ಕೃತಿ ಎಂದರೆ ತಗಡಲ್ಲ, ಅದರಿಂದ ಬಂದ ಅಚ್ಚುಗಳು ಎಂದು. ಈ ಲೆಕ್ಕದಲ್ಲಿ ಕಾಮಿಕ್ಸ್ ಹಾಳೆ ತಗಡಿನ ಸಾಲಿಗೆ ಸೇರುತ್ತದೆ. ಕನ್ನಡದ ಓದುಗರಿಗೆ ಇದು ಅನುಭವದಿಂದಲೇ ಗೊತ್ತು. ಅಮರ ಚಿತ್ರಕಥೆ ಮಾಲಿಕೆಯನ್ನು ಬೆಳೆಸಿದ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು, ಆ ಹೆಸರಿನ ಮೊದಲ ಪುಸ್ತಕಗಳು ಬೆಂಗಳೂರಿನಿಂದ ಕನ್ನಡದಲ್ಲೇ ಬಂದವು. ಆದರೂ ಅದರ ಮೂಲ ಹಾಳೆಯನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಎಷ್ಟು ಮಂದಿ? ಅದರಿಂದ ಯಾರ ಓದಿಗೂ ಕೊರತೆಯಾಗಲಿಲ್ಲ. ವಾಲ್ಟರ್ ಬೆಂಜಮಿನ್ 1930ರ ದಶಕದಲ್ಲಿ, ಯಂತ್ರದಿಂದ ಪ್ರತಿ ತೆಗೆಯುವ ಕಾಲದಲ್ಲಿ ಕಲಾಕೃತಿಯ ಪ್ರಭಾವಲಯ ಬಾಡುತ್ತದೆ ಎಂದು ವಾದಿಸಿದ. ಕಾಮಿಕ್ಸ್‌ನಲ್ಲಿ ನಡೆದದ್ದು ತದ್ವಿರುದ್ಧ. ಲಕ್ಷಾಂತರ ಮಕ್ಕಳು ಅಗ್ಗದ ಪ್ರತಿಯನ್ನು ಓದಿ ಅದರ ಮೂಲೆಗಳನ್ನು ಮಡಚಿ ಹಾಳುಗೆಡವದಿದ್ದರೆ ಝೆಕ್‌ನ ಹಾಳೆಯನ್ನು ಕೇಳುವವರೇ ಇರುತ್ತಿರಲಿಲ್ಲ. ಇಲ್ಲಿ ಪ್ರತಿಗಳೇ ಒಂದು ಹಾಳೆಯನ್ನು ಮೂಲದ ಪಟ್ಟಕ್ಕೆ ಏರಿಸಿದವು.

ಆದ್ದರಿಂದ ಕಾಮಿಕ್ಸ್ ಹರಾಜಿನಲ್ಲಿ ಕೂತವನು ಕಲಾಕೃತಿಯನ್ನು ಕೊಳ್ಳುತ್ತಿದ್ದಾನೆ ಎನ್ನುವುದಕ್ಕಿಂತ ಅವಶೇಷವನ್ನು ಕೊಳ್ಳುತ್ತಿದ್ದಾನೆ ಎನ್ನುವುದು ನಿಜಕ್ಕೆ ಹತ್ತಿರ. ಕ್ಯಾಥೊಲಿಕ್ ಸಂಪ್ರದಾಯದಲ್ಲಿ ಸಂತರ ದೇಹದ ಭಾಗ, ಸಂತರು ಬಳಸಿದ ವಸ್ತು, ಅವುಗಳಿಗೆ ಸೋಕಿಸಿದ ವಸ್ತು ಎಂದು ಅವಶೇಷಗಳಲ್ಲಿ ದರ್ಜೆಗಳಿವೆ. ಬುದ್ಧನ ಧಾತುಗಳಿಗಾಗಿ ಯುದ್ಧವೇ ಆಗುವುದರಲ್ಲಿತ್ತು, ದ್ರೋಣ ಎಂಬ ಬ್ರಾಹ್ಮಣ ಅವನ್ನು ಎಂಟು ಪಾಲು ಮಾಡಿ ಹಂಚಿದ ಎಂದು ಮಹಾಪರಿನಿಬ್ಬಾಣ ಸುತ್ತ ಹೇಳುತ್ತದೆ. ಅವಶೇಷಗಳನ್ನು ಪೂಜಿಸುವ ಧರ್ಮಗಳಿಗೆ ಹಣದ ವಿಷಯದಲ್ಲಿ ಮಾತ್ರ ಯಾವತ್ತೂ ಮುಜುಗರ. ಕ್ಯಾಥೊಲಿಕ್ ಚರ್ಚಿನ 1983ರ ಧರ್ಮಸಂಹಿತೆಯ 1190ನೆಯ ವಿಧಿ ಪವಿತ್ರ ಅವಶೇಷಗಳ ಮಾರಾಟವನ್ನು ಖಡಾಖಂಡಿತವಾಗಿ ನಿಷೇಧಿಸುತ್ತದೆ. ಆದರೆ ಫ್ರಾನ್ಸಿನ ದೊರೆ ಒಂಬತ್ತನೆಯ ಲೂಯಿ 1239ರಲ್ಲಿ ಕ್ರಿಸ್ತನ ಮುಳ್ಳಿನ ಕಿರೀಟವೆಂದು ನಂಬಲಾದ ವಸ್ತುವನ್ನು ಪಡೆಯಲು 1,35,000 ಲಿವ್ರ್ ಕೊಟ್ಟ. ಅದನ್ನಿಡಲು ಕಟ್ಟಿಸಿದ ಸೇಂಟ್ ಶಾಪೆಲ್‌ಗೆ ತಗುಲಿದ್ದು 40,000. ಕಿರೀಟ ವೆನಿಸ್ಸಿನ ವ್ಯಾಪಾರಿಗಳಲ್ಲಿ ಅಡವಿತ್ತು, ದೊರೆ ಅಡವು ಬಿಡಿಸಿದನಷ್ಟೇ, ಕೊಳ್ಳಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳಲು ಅವಕಾಶವಿತ್ತು. ನಮ್ಮ ಕಾಲದಲ್ಲೂ ಆ ಮುಜುಗರ ಹೋಗಿಲ್ಲ. 1898ರಲ್ಲಿ ಪಿಪ್ರಾಹ್ವಾ ಸ್ತೂಪದಿಂದ ಬುದ್ಧಧಾತುಗಳ ಜೊತೆ ಅಗೆದು ತೆಗೆದ ರತ್ನಗಳನ್ನು 2025ರ ಮೇ ತಿಂಗಳಲ್ಲಿ ಸಾಥ್‌ಬೀಸ್ ಸಂಸ್ಥೆ ಹಾಂಗ್‌ಕಾಂಗಿನಲ್ಲಿ ಹರಾಜಿಗಿಟ್ಟಾಗ ಭಾರತ ಸರ್ಕಾರ ತಡೆಯಿತು. ಹರಾಜು ನಿಂತಿತು, ಜುಲೈ ಕೊನೆಗೆ ಗೋದ್ರೆಜ್ ಸಮೂಹ ಅವನ್ನು ಕೊಂಡು ರತ್ನಗಳು ದೇಶಕ್ಕೆ ಮರಳುವಂತೆ ಮಾಡಿತು. ಹರಾಜು ಬೇಡವೆಂದವರ ಪರವಾಗಿಯೂ ಕೊನೆಗೆ ಯಾರೋ ದುಡ್ಡು ಕೊಡಲೇಬೇಕಾಯಿತು ನೋಡಿ.

ಹಾಳೆಗೆ ಕೈಮುಗಿಯುವುದು ಬರೀ ಭ್ರಮೆ, ಕಾಗದ ಕಾಗದವೇ ಎಂಬ ಆಕ್ಷೇಪಕ್ಕೆ ಮೊದಲು ಉತ್ತರ ಹೇಳಬೇಕು. ಭ್ರಮೆಯಾಗಿದ್ದರೆ ಅದರ ಹಿಂದೆ ಹೇಳಿಕೊಳ್ಳುವಂಥ ಏನೂ ಸಿಗಬಾರದಿತ್ತು. ಆದರೆ ಮೂಲ ಹಾಳೆಯನ್ನು ನೋಡಿದರೆ ಅಚ್ಚಿನಲ್ಲಿ ಇಲ್ಲದ ಎಷ್ಟೋ ಸಂಗತಿಗಳು ಕಾಣುತ್ತವೆ. ಇಂಕಿನ ಕೆಳಗೆ ಅರ್ಧ ಅಳಿಸಿದ ಪೆನ್ಸಿಲ್ ಗೆರೆಗಳಿವೆ. ತಪ್ಪಿದ ಕಡೆ ಬಳಿದ ಬಿಳಿ ಬಣ್ಣ ಇದೆ. ಬದಲಾದ ಮಾತನ್ನು ಬೇರೆ ಚೂರು ಕಾಗದದಲ್ಲಿ ಬರೆದು ಗುಳ್ಳೆಯ ಮೇಲೆ ಅಂಟಿಸಿದ್ದಿದೆ. ಅಂಚಿನಲ್ಲಿ ಸಂಪಾದಕನ ಟಿಪ್ಪಣಿ, ಕಚೇರಿಯ ಮೊಹರು, ಪುಟದ ಸಂಖ್ಯೆ. ಕೆಲವು ಚಿತ್ರಕಾರರು ಮೊದಲ ಕರಡನ್ನು ತಿಳಿನೀಲಿ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದರು, ಅಚ್ಚಿನ ಕ್ಯಾಮೆರಾ ಆ ನೀಲಿಯನ್ನು ಹಿಡಿಯುವುದಿಲ್ಲ ಎಂಬ ಕಾರಣಕ್ಕೆ. ಅಂದರೆ ಈ ಇಡೀ ವ್ಯವಸ್ಥೆ ದುಡಿಮೆಯ ಗುರುತು ಓದುಗನಿಗೆ ಕಾಣದಂತೆ ನೋಡಿಕೊಳ್ಳುವ ವ್ಯವಸ್ಥೆ. ಪುಟಕ್ಕಿಷ್ಟು ಎಂದು ಕೂಲಿ ಪಡೆದು, ತಿಂಗಳ ಗಡುವಿಗೆ ಸಿಕ್ಕಿ ರಾತ್ರಿಯೆಲ್ಲ ಕೂತವರ ತಡವರಿಕೆ, ತಿದ್ದುಪಡಿ, ಪರಸ್ಪರ ಹೊಂದಾಣಿಕೆ ಎಲ್ಲವನ್ನೂ ನುಂಗಿಕೊಂಡು ಅಚ್ಚಿನ ಪುಟ ಒಂದೇ ಏಟಿಗೆ ಹುಟ್ಟಿದಂತೆ ನಗುತ್ತದೆ. ಹಾಳೆ ಮಾತ್ರ ಆ ಸುಳ್ಳನ್ನು ಆಡುವುದಿಲ್ಲ. ಅದಕ್ಕೆ ಸಲ್ಲುವ ಗೌರವಕ್ಕೆ ಆಧಾರ ಇಷ್ಟೇ, ಮತ್ತು ಇಷ್ಟು ಸಾಕು: ಅದು ಕೃತಿಯಲ್ಲ, ಕೃತಿಯ ಹಿಂದಿನ ಕರ್ಮದ ಸಾಕ್ಷಿ. ಸಂತನ ಮೂಳೆಯಲ್ಲಿ ಮಹಿಮೆ ಇದೆಯೆಂದು ನಂಬಲು ಶ್ರದ್ಧೆ ಬೇಕು. ಇಲ್ಲಿ ಬೇಕಾದದ್ದು ಕಣ್ಣು.

ಹೀಗೆ ಒಪ್ಪಿದ ಮೇಲೆ ಬೆಲೆಯ ಪ್ರಶ್ನೆ ಬೇರೆಯೇ ಆಗುತ್ತದೆ. ಏರುತ್ತ ಹೋಗುವ ಸವಾಲಿನಲ್ಲಿ ಬೆಲೆ ನಿಲ್ಲುವುದು ಎಲ್ಲಿ? ಗೆದ್ದವನ ಆಸೆ ಎಲ್ಲಿ ಮುಗಿಯಿತೋ ಅಲ್ಲಿ ಅಲ್ಲ. ಎರಡನೆಯವನು ಎಲ್ಲಿ ಕೈ ಇಳಿಸಿದನೋ ಅಲ್ಲಿಗೆ ಒಂದು ಮೆಟ್ಟಿಲು ಮೇಲೆ. ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞ 1961ರಲ್ಲಿ ಇದನ್ನು ಗಣಿತದಲ್ಲಿ ಬಿಡಿಸಿಟ್ಟ, 1996ರಲ್ಲಿ ಅವನಿಗೆ ನೊಬೆಲ್ ಬಂತು. ಗೆದ್ದವನು ಇನ್ನೂ ಎಷ್ಟು ಕೊಡಲು ಸಿದ್ಧನಿದ್ದ ಎಂಬುದು ಹರಾಜು ಕಟ್ಟೆಯಲ್ಲಿ ಯಾರಿಗೂ ತಿಳಿಯುವುದೇ ಇಲ್ಲ. 33.6 ಲಕ್ಷ ಡಾಲರ್ ಎಂಬ ಅಂಕಿ ನಮಗೆ ಹೇಳುವುದು ಬರಿಗೈಯಲ್ಲಿ ಎದ್ದುಹೋದ ಒಬ್ಬನ ಮಿತಿಯನ್ನು. ಧರ್ಮದ ಕಣ್ಣಿನಿಂದ ನೋಡಿದರೆ ಇದು ಸಣ್ಣ ಮಾತಲ್ಲ. ಭಕ್ತಿಯ ಅಳತೆ ಬೇಕಿದ್ದರೆ ಗೆದ್ದವನ ಮನಸ್ಸಿನಲ್ಲಿ ಹುಡುಕಬೇಕು, ಅಲ್ಲಿಗೆ ಈ ಅಂಕಿ ತಲುಪುವುದಿಲ್ಲ. ವಸ್ತುವಿನ ಮಹಿಮೆಯ ಅಳತೆ ಬೇಕಿದ್ದರೆ ಹಾಳೆಯಲ್ಲಿ ಹುಡುಕಬೇಕು, ಸವಾಲು ಕೂಗುವ ಮೊದಲೂ ನಂತರವೂ ಅದರ ಮೇಲಿನ ಗೆರೆ ಅಷ್ಟೇ. ಹೀಗಾಗಿ ಹರಾಜಿನಿಂದ ಪವಿತ್ರ ವಸ್ತು ಅಪವಿತ್ರವಾಯಿತು ಎಂದು ಮರುಗುವವರ ಮಾತನ್ನೂ, ಇಷ್ಟು ಕೋಟಿಗೆ ಹೋಯಿತೆಂದರೆ ಅದು ಮಹಾಕೃತಿಯೇ ಇರಬೇಕು ಎಂದು ಬೀಗುವವರ ಮಾತನ್ನೂ ಒಪ್ಪಲಾಗುವುದಿಲ್ಲ. ಇಬ್ಬರೂ ಬೆಲೆಗೆ ಇಲ್ಲದ ಶಕ್ತಿಯನ್ನು ಕೊಡುತ್ತಿದ್ದಾರೆ.

ಅಲ್ಲಿ ಕೂತವರಲ್ಲಿ ಭಕ್ತರು ಯಾರು ಸ್ವಾಮಿ, ಎಲ್ಲರೂ ಹೂಡಿಕೆದಾರರು ಎನ್ನಬಹುದು. ಕೆಲವರು ಹೌದು. ಆದರೆ ಹೂಡಿಕೆದಾರ ಲೆಕ್ಕ ಹಾಕುವುದು ಯಾವುದರ ಮೇಲೆ? ಹತ್ತು ವರ್ಷ ಬಿಟ್ಟು ಇದನ್ನು ಇನ್ನಷ್ಟು ಬಯಸುವ ಒಬ್ಬ ಬರುತ್ತಾನೆ ಎಂಬ ಭರವಸೆಯ ಮೇಲೆ. ತನಗಿಲ್ಲದ ಶ್ರದ್ಧೆ ಇನ್ನೊಬ್ಬನಿಗಿದೆ ಎಂದು ನಂಬಿ ಅದರ ಬಡ್ಡಿಯಲ್ಲಿ ಬದುಕುವವನು ಅವನು. ಆ ಸರಪಳಿಯ ಕೊನೆಯಲ್ಲಿ ಎಲ್ಲೋ ಒಬ್ಬನಾದರೂ ನಿಜವಾಗಿ ಹಾಳೆಯನ್ನು ಪ್ರೀತಿಸುವವನು ಇಲ್ಲದಿದ್ದರೆ ವ್ಯಾಪಾರ ಒಂದು ದಿನವೂ ನಡೆಯದು.

ಹಣ ಕೂಗಿ ಪವಿತ್ರವನ್ನು ಪಡೆಯುವುದು ಕನ್ನಡನಾಡಿಗೂ ಹೊಸದಲ್ಲ. ಜೈನರಲ್ಲಿ ಅಭಿಷೇಕದ ಹಕ್ಕಿಗೆ ಬೋಲಿ ಕೂಗುವ ರೂಢಿಯಿದೆ. ಶ್ರವಣಬೆಳಗೊಳದಲ್ಲಿ 2018ರ ಮಹಾಮಸ್ತಕಾಭಿಷೇಕದ ಮೊದಲ ಕಲಶಕ್ಕೆ ಹನ್ನೊಂದು ಕೋಟಿ ರೂಪಾಯಿಗೂ ಮೀರಿ ಬಂತು. ನೆರೆಯ ಹೈದರಾಬಾದಿನ ಬಾಲಾಪುರದಲ್ಲಿ ಗಣೇಶನ ಕೈಯ ಲಾಡು 1994ರಲ್ಲಿ 450 ರೂಪಾಯಿಗೆ ಹೋಗಿತ್ತು, 2025ರಲ್ಲಿ 35 ಲಕ್ಷಕ್ಕೆ ಹೋಯಿತು. ಡಲ್ಲಾಸಿನಲ್ಲಿ ನಡೆಯುವುದನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿದರೆ ತಪ್ಪು ಹರಾಜಿನ ಕ್ರಮದಲ್ಲಿಲ್ಲ ಎಂಬುದು ತಿಳಿಯುತ್ತದೆ. ಇಲ್ಲೂ ಪೈಪೋಟಿ ಇದೆ, ಇಲ್ಲೂ ಅಹಂಕಾರ ಇದೆ, ಇಲ್ಲೂ ಬೆಲೆ ನಿಲ್ಲುವುದು ಸೋತವನ ಮಾತಿನ ಮೇಲೆಯೇ. ವ್ಯತ್ಯಾಸ ಇರುವುದು ಎರಡು ಕಡೆ. ಬೋಲಿ ಗೆದ್ದವನು ಮನೆಗೆ ಏನನ್ನೂ ಒಯ್ಯುವುದಿಲ್ಲ. ಅವನು ಪಡೆದದ್ದು ಎರೆಯುವ ಹಕ್ಕು, ನೀರು ಬಾಹುಬಲಿಯ ಮೈಮೇಲಿಂದ ಹರಿದುಹೋಗುತ್ತದೆ. ಲಾಡು ಗೆದ್ದವನು ಅದನ್ನು ಹಂಚುತ್ತಾನೆ, ಹೊಲಕ್ಕೆ ಚೆಲ್ಲುತ್ತಾನೆ. ಎರಡನೆಯದು, ಹಣ ಹೋಗುವ ದಾರಿ. ಅದು ಕ್ಷೇತ್ರಕ್ಕೆ, ಊರಿಗೆ, ಅಂದರೆ ಆ ವಸ್ತುವನ್ನು ಪವಿತ್ರ ಮಾಡಿದ ಸಮುದಾಯಕ್ಕೇ ಮರಳುತ್ತದೆ. ಕಾಮಿಕ್ಸ್ ಹರಾಜಿನಲ್ಲಿ ಗೆದ್ದವನು ಹಾಳೆಯನ್ನು ಒಯ್ಯುತ್ತಾನೆ, ಬೇಕಾದರೆ ಕತ್ತಲೆಯ ಲಾಕರಿನಲ್ಲಿ ಇಡುತ್ತಾನೆ. ಹಣ ಹಿಂದಿನ ಒಡೆಯನಿಗೆ ಹೋಗುತ್ತದೆ, ಒಂದು ಪಾಲು ಹರಾಜು ಸಂಸ್ಥೆಗೆ. ಹಾಳೆಯನ್ನು ಹಾಳೆ ಮಾಡಿದವರ ಕಡೆಗೆ ಒಂದು ಕಾಸೂ ಹೋಗಬೇಕೆಂಬ ಕಟ್ಟುಪಾಡು ಇಲ್ಲ. ನನ್ನ ತಕರಾರು ಇದರ ಬಗ್ಗೆ. ಬೆಲೆ ಪಾವಿತ್ರ್ಯವನ್ನು ಅಳೆಯುವುದೂ ಇಲ್ಲ, ಕೆಡಿಸುವುದೂ ಇಲ್ಲ. ಆದರೆ ದೊಡ್ಡ ಮೊತ್ತ ಕೊಟ್ಟಾಯಿತು, ಇನ್ನು ಯಾರಿಗೂ ಏನೂ ಬಾಕಿಯಿಲ್ಲ ಎಂಬ ಭಾವವನ್ನು ಹುಟ್ಟಿಸಿ ಋಣವನ್ನು ಮರೆಸುತ್ತದೆ.

ಆ ಋಣ ಎಂಥದ್ದು ಎನ್ನಲು ಜ್ಯಾಕ್ ಕರ್ಬಿಯ ಕಥೆ ಸಾಕು. ಫೆಂಟಾಸ್ಟಿಕ್ ಫೋರ್, ಹಲ್ಕ್, ಥಾರ್ ಮೊದಲಾದ ಪಾತ್ರಗಳಿಗೆ ಲೇಖಕ, ಸಂಪಾದಕ ಸ್ಟ್ಯಾನ್ ಲೀ ಜೊತೆ ಸೇರಿ ರೂಪ ಕೊಟ್ಟ ಚಿತ್ರಕಾರ ಅವನು. 1970ರ ದಶಕದಲ್ಲಿ ಅವುಗಳ ಪ್ರಕಾಶನ ಸಂಸ್ಥೆ ಮಾರ್ವೆಲ್ ತನ್ನ ಚಿತ್ರಕಾರರಿಗೆ ಅವರ ಹಾಳೆಗಳನ್ನು ಮರಳಿಸತೊಡಗಿತು. ಕರ್ಬಿಯ 1960ರ ದಶಕದ ಹಾಳೆಗಳ ಸರದಿ ಬಂದಾಗ ಮಾತ್ರ ಬೇರೆಯವರಿಗೆ ಕೊಟ್ಟ ಒಂದು ಪುಟದ ಪತ್ರದ ಬದಲು ನಾಲ್ಕು ಪುಟಗಳ ಕರಾರನ್ನು ಮುಂದಿಟ್ಟು ಸಹಿ ಕೇಳಿತು. ವರ್ಷಗಟ್ಟಲೆ ಜಗಳ ನಡೆದು, ಸಹೋದ್ಯೋಗಿಗಳೆಲ್ಲ ದನಿಗೂಡಿಸಿ, 1987ರಲ್ಲಿ ಅವನ ಕೈಗೆ ಬಂದದ್ದು ಸುಮಾರು 1,900 ಹಾಳೆಗಳು. ಬರೆದದ್ದು ಅದರ ಹಲವು ಪಟ್ಟು. ಉಳಿದವು ಗೋದಾಮಿನಿಂದ ಯಾವಾಗಲೋ ಯಾರದೋ ಕೈಗೆ ಜಾರಿದ್ದವು. ಅಂಥ ಹಾಳೆಗಳು ಒಂದೊಂದಾಗಿ ಮಾರುಕಟ್ಟೆಗೆ ಬಂದವು. ಮೊದಲು ಹೇಳಿದ ಕಪ್ಪು ಉಡುಪಿನ ಹಿಂದೆಯೂ ಹೀಗೇ ಒಂದು ಲೆಕ್ಕವಿದೆ: ಸ್ಪೈಡರ್‌ಮ್ಯಾನ್‌ಗೆ ಕಪ್ಪು ಉಡುಪು ಹಾಕಿಸಬಹುದಲ್ಲ ಎಂಬ ಆಲೋಚನೆಯನ್ನು ಒಬ್ಬ ಓದುಗ ಬರೆದು ಕಳಿಸಿದ್ದ, 1982ರಲ್ಲಿ ಮಾರ್ವೆಲ್ ಅದನ್ನು 220 ಡಾಲರಿಗೆ ಕೊಂಡಿತು. ವೈದಿಕ ಪರಂಪರೆ ಮನುಷ್ಯ ಮೂರು ಋಣಗಳ ಜೊತೆಗೇ ಹುಟ್ಟುತ್ತಾನೆ ಎನ್ನುತ್ತದೆ. ದೇವಋಣಕ್ಕೆ ಯಜ್ಞ, ಪಿತೃಋಣಕ್ಕೆ ಸಂತಾನ, ಋಷಿಋಣಕ್ಕೆ ಅಧ್ಯಯನ. ಮೂರರಲ್ಲಿ ಒಂದನ್ನೂ ಚಿನ್ನ ಎಣಿಸಿ ತೀರಿಸುವಂತಿಲ್ಲ ಎಂಬುದನ್ನು ಗಮನಿಸಬೇಕು. ನಮಗೆ ಕಥೆ, ರೂಪ, ವಿದ್ಯೆ ಕೊಟ್ಟವರ ಬಾಕಿಯನ್ನು ಅವರು ಕೊಟ್ಟದ್ದನ್ನು ಕಲಿತು ಮುಂದಿನವರಿಗೆ ದಾಟಿಸಿಯೇ ತೀರಿಸಬೇಕು.

ಚಿತ್ರಕಾರ ಪುಟಕ್ಕೆ ಇಷ್ಟು ಎಂದು ಒಪ್ಪಿ ಕೂಲಿ ತೆಗೆದುಕೊಂಡ ಮೇಲೆ ಋಣ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಕರಾರಿನ ಮಟ್ಟಿಗೆ ಅವರ ಮಾತಿಗೆ ತೂಕವಿದೆ. ಆದರೆ ಪ್ರಕಾಶಕ ಆ ಕೂಲಿ ಕೊಟ್ಟದ್ದು ಅಚ್ಚು ಹಾಕುವುದಕ್ಕೆ. ಹಾಳೆಗೆ ಮುಂದೊಂದು ದಿನ ಪ್ರತ್ಯೇಕ ಬೆಲೆ ಬಂದೀತೆಂದು ಎರಡೂ ಕಡೆಯವರ ಕನಸಿನಲ್ಲೂ ಇರಲಿಲ್ಲ, ಇಲ್ಲದ್ದನ್ನು ಕರಾರಿನಲ್ಲಿ ಬಿಟ್ಟುಕೊಡುವುದು ಹೇಗೆ? ಕಾನೂನುಗಳಿಗೂ ಈ ಅರಿವು ಅಷ್ಟಿಷ್ಟು ಇದೆ. ಫ್ರಾನ್ಸ್ 1920ರಲ್ಲೇ ಮರುಮಾರಾಟದಲ್ಲಿ ಕಲಾವಿದನಿಗೆ ಪಾಲು ಕೊಡುವ ಕಾಯ್ದೆ ತಂದಿತು, ಈಗ ಯುರೋಪಿನ ಒಕ್ಕೂಟದಲ್ಲೆಲ್ಲ ಅದು ಇದೆ. ಆದರೆ ಎಷ್ಟೇ ಕೋಟಿಗೆ ಹೋಗಲಿ, ಪಾಲು 12,500 ಯೂರೊ ಮೀರುವಂತಿಲ್ಲ. ಅಮೆರಿಕದಲ್ಲಿ ಕ್ಯಾಲಿಫೋರ್ನಿಯ ರಾಜ್ಯ 1976ರಲ್ಲಿ ಅಂಥದ್ದೊಂದು ಕಾಯ್ದೆ ಮಾಡಿತ್ತು, 2018ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಅದರ ಜೀವ ತೆಗೆಯಿತು. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಮು ಹತ್ತು ಸಾವಿರ ರೂಪಾಯಿ ಮೀರಿದ ಮರುಮಾರಾಟದಲ್ಲಿ ಚಿತ್ರಕಾರನಿಗೂ ಅವನ ವಾರಸುದಾರರಿಗೂ ಹತ್ತು ಶೇಕಡಾ ಮೀರದಂತೆ ಪಾಲು ಕೊಡುವ ಮಾತಾಡುತ್ತದೆ. ಆದರೆ ಒಂದು ಷರತ್ತು: ಕೃತಿಯ ಮೊದಲ ಹಕ್ಕುದಾರ ಅವನೇ ಆಗಿರಬೇಕು. ಸಂಸ್ಥೆಯ ನೌಕರನಾಗಿ ಬರೆದವನ ಹಕ್ಕು ಸಾಮಾನ್ಯವಾಗಿ ಹುಟ್ಟುವಾಗಲೇ ಧಣಿಯದು, ಅವನಿಗೆ ಈ ಕಲಮು ಒದಗುವುದಿಲ್ಲ. ಅಂದರೆ ಯಾರಿಗೆ ಋಣ ಅತಿ ಹೆಚ್ಚು ಸಂದಿಲ್ಲವೋ ಅವರನ್ನೇ ನಾಜೂಕಾಗಿ ಹೊರಗಿಟ್ಟ ಹಾಗಾಯಿತು. ಕಾನೂನು ಋಣವನ್ನು ಒಪ್ಪುತ್ತದೆ, ಆದರೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸುತ್ತದೆ.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಇನ್ನೊಂದಿದೆ. ಹರಾಜು ಇಲ್ಲದಿದ್ದರೆ ಈ ಹಾಳೆಗಳೇ ಉಳಿಯುತ್ತಿರಲಿಲ್ಲ. ದಶಕಗಟ್ಟಲೆ ಪ್ರಕಾಶಕರು ಅಚ್ಚಾದ ಹಾಳೆಗಳನ್ನು ಕಸಕ್ಕೆ ಎಸೆದರು, ಕತ್ತರಿಸಿದರು, ಕಚೇರಿಗೆ ಬಂದ ಹುಡುಗರಿಗೆ ಹಂಚಿದರು. ಸ್ಪೈಡರ್‌ಮ್ಯಾನ್‌ನನ್ನು ಮೊದಲು ಚಿತ್ರಿಸಿದ ಸ್ಟೀವ್ ಡಿಟ್ಕೊ ತನ್ನ ಹಳೆಯ ಹಾಳೆಗಳ ಮೇಲೆ ಬೇರೆ ಕಾಗದ ಇಟ್ಟು ಬ್ಲೇಡಿನಿಂದ ಕೊಯ್ಯುತ್ತಿದ್ದ ಎಂದು ಅವನ ಕೋಣೆಗೆ ಹೋಗಿದ್ದವರು ಬರೆದಿದ್ದಾರೆ. ಬೆಲೆ ಬಂದ ಮೇಲೆಯೇ ಜನ ಅವನ್ನು ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ ಜೋಪಾನ ಮಾಡತೊಡಗಿದ್ದು. ಈ ಮಾತನ್ನು ಅರ್ಧಕ್ಕಿಂತ ಹೆಚ್ಚು ಒಪ್ಪಬೇಕು. ಆದರೆ ಪೂರ್ತಿ ಒಪ್ಪಲು ಕೆಲವು ಹಾಳೆಗಳು ಬಿಡುವುದಿಲ್ಲ. ಚಿತ್ರಕಾರ ಎರ್ಜೆ 1936ರಲ್ಲಿ ಟಿನ್‌ಟಿನ್‌ನ ‘ಬ್ಲೂ ಲೋಟಸ್’ ಪುಸ್ತಕಕ್ಕೆ ಬರೆದ ಮೊದಲ ಮುಖಪುಟವನ್ನು ಅಚ್ಚು ಹಾಕಲು ವೆಚ್ಚ ಹೆಚ್ಚೆಂದು ಪ್ರಕಾಶಕರು ಬಿಟ್ಟರು. ಪ್ರಕಾಶಕರ ಏಳು ವರ್ಷದ ಮಗನಿಗೆ ಸಿಕ್ಕ ಅದು ಮಡಚಿಕೊಂಡು ಡ್ರಾಯರಿನಲ್ಲಿ ದಶಕಗಳ ಕಾಲ ಉಳಿಯಿತು ಎಂದು ಆ ಕುಟುಂಬ ಹೇಳಿದೆ. 2021ರಲ್ಲಿ ಪ್ಯಾರಿಸಿನ ಹರಾಜಿನಲ್ಲಿ ಅದಕ್ಕೆ ಸುಮಾರು 32 ಲಕ್ಷ ಯೂರೊ ಬಂತು. ಅದನ್ನು ಅಷ್ಟು ಕಾಲ ಕಾಯ್ದದ್ದು ಬೆಲೆಯಲ್ಲ, ಒಂದು ಮನೆ. ಇಸಿ ಕಾಮಿಕ್ಸ್‌ನ ಪ್ರಕಾಶಕ ವಿಲಿಯಂ ಗೇನ್ಸ್ ಹಾಳೆಗೆ ಮಾರುಕಟ್ಟೆ ಇಲ್ಲದ 1950ರ ದಶಕದಲ್ಲೇ ತನ್ನ ಚಿತ್ರಕಾರರ ಹಾಳೆಗಳನ್ನೆಲ್ಲ ಭದ್ರವಾಗಿ ಇಟ್ಟಿದ್ದ. ಅಲ್ಲದೆ ಬೆಲೆ ಕಾಯುವ ಕೈಯಂತೆ ಕದಿಯುವ ಕೈಯೂ ಹೌದು. ಕರ್ಬಿಯ ಹಾಳೆಗಳು ಗೋದಾಮಿನಿಂದ ಕಾಣೆಯಾದದ್ದು ಅವು ಕಸವಾಗಿ ಉಳಿದಿರಲಿಲ್ಲ ಎಂಬ ಕಾರಣಕ್ಕೆ.

ಇದರ ಎದುರು ದಿಕ್ಕಿನಿಂದ, ನಮ್ಮದೇ ಸಂಪ್ರದಾಯದೊಳಗಿಂದ, ಬೇರೊಂದು ದನಿ ಏಳಬಹುದು. ಮಣ್ಣಿನ ಗಣಪನಿಗೆ ಪ್ರಾಣಪ್ರತಿಷ್ಠೆ ಮಾಡಿ ಪೂಜೆ ಮುಗಿದ ಮೇಲೆ ನೀರಿಗೆ ಬಿಡುತ್ತೇವಲ್ಲ, ಹಾಳೆಯ ಕೆಲಸ ಮುಗಿದ ಮೇಲೆ ಅದಕ್ಕೆ ಯಾಕೆ ಅಂಟಿಕೊಳ್ಳಬೇಕು? ಡಿಟ್ಕೊನ ಬ್ಲೇಡು ಬಹುಶಃ ಇದನ್ನೇ ಹೇಳುತ್ತಿತ್ತು. ಮಾಡಿದವನೇ ಬಿಡುವುದಾದರೆ ಅದು ವೈರಾಗ್ಯ, ಅದಕ್ಕೆ ಎದುರಾಡುವಂತಿಲ್ಲ. ಆದರೆ ಧಣಿ ತಾನು ಮಾಡದ್ದನ್ನು ಮಾಡಿದವನ ಮಾತು ಕೇಳದೆ ಎಸೆದರೆ ಅದನ್ನು ವಿಸರ್ಜನೆ ಎನ್ನಲಾಗದು. ವಿಸರ್ಜನೆಗೂ ಒಂದು ಪೂಜೆಯಿದೆ, ಮಂತ್ರವಿದೆ, ಹೊತ್ತು ಗೊತ್ತಿದೆ. ಕಸದ ಡಬ್ಬಿಗೆ ಅದಾವುದೂ ಇಲ್ಲ.

ಹಾಗಾದರೆ ಕೊಂಡವನು ಮಾಡಬೇಕಾದದ್ದೇನು? ಒಂದು ದಾರಿಯನ್ನು ಹರಾಜೇ ತೋರಿಸಿದೆ. ವುಲ್ವರೀನ್ ಪಾತ್ರ ಮೊದಲು ಕಾಣಿಸಿಕೊಂಡ, 1974ರ ಹಲ್ಕ್ 180ನೆಯ ಸಂಚಿಕೆಯ ಕೊನೆಯ ಪುಟವನ್ನು ಹರ್ಬ್ ಟ್ರಿಂಪಿ 1983ರಲ್ಲಿ ಒಬ್ಬ ಹುಡುಗನಿಗೆ ಸುಮ್ಮನೆ ಕೊಟ್ಟಿದ್ದ. 2014ರಲ್ಲಿ ಅದು 6,57,250 ಡಾಲರಿಗೆ ಹೋಯಿತು, ಮಾರಿದವನು ಬಂದ ಹಣದ ಹೆಚ್ಚಿನ ಪಾಲನ್ನು ಕಷ್ಟದಲ್ಲಿರುವ ಹಿರಿಯ ಕಾಮಿಕ್ಸ್ ಕಲಾವಿದರಿಗೆ ನೆರವಾಗುವ ಹೀರೊ ಇನಿಷಿಯೇಟಿವ್ ಸಂಸ್ಥೆಗೆ ಕೊಡುವುದಾಗಿ ಪ್ರಕಟಿಸಿದ. ಇಲ್ಲಿ ಹರಾಜು ಬೋಲಿಗೆ ಹತ್ತಿರ ಬಂತು. ಇನ್ನೊಂದು ದಾರಿ ಅಧ್ಯಯನದ್ದು. ಐಡಿಡಬ್ಲ್ಯು ಎಂಬ ಪ್ರಕಾಶನ 2010ರಿಂದ ‘ಆರ್ಟಿಸ್ಟ್ಸ್ ಎಡಿಷನ್’ ಎಂಬ ದೊಡ್ಡ ಪುಸ್ತಕಗಳನ್ನು ತರುತ್ತಿದೆ. ಮೂಲ ಹಾಳೆಯನ್ನು ಅದರ ನಿಜ ಗಾತ್ರದಲ್ಲಿ, ಬಣ್ಣದ ಸ್ಕ್ಯಾನ್ ಮಾಡಿ, ನೀಲಿ ಪೆನ್ಸಿಲ್, ಬಿಳಿ ಬಣ್ಣ, ಅಂಟಿನ ಕಲೆ ಸಮೇತ ಅಚ್ಚು ಹಾಕುತ್ತಾರೆ. ಇಂಥ ಪುಸ್ತಕ ಆಗಬೇಕಾದರೆ ಹಾಳೆ ಇರುವವರು ತಮ್ಮ ಸೊತ್ತನ್ನು ಬೇರೆಯವರ ಕಣ್ಣಿಗೆ ತೆರೆದಿಡಬೇಕು. ಈಗ ಚುರುಕು ಓದುಗನೊಬ್ಬ ನನ್ನನ್ನು ಸಿಕ್ಕಿಸಬಹುದು: ದುಡಿಮೆಯ ಗುರುತುಗಳೂ ಹೀಗೆ ಪ್ರತಿಯಾಗಿ ಸಿಗುವುದಾದರೆ, ಸಾಕ್ಷಿ ಎಂಬ ನಿಮ್ಮ ವಾದಕ್ಕೆ ಮೂಲ ಹಾಳೆ ಯಾಕೆ ಬೇಕು? ಅನುಮಾನ ಬಂದಾಗ ಹೋಗಿ ನೋಡಲು ಬೇಕು. ಸ್ಕ್ಯಾನ್ ಒಂದು ಹೇಳಿಕೆ, ಹಾಳೆ ಅದರ ಪುರಾವೆ. ಅಡ್ಡ ಬೆಳಕಿನಲ್ಲಿ ಅಳಿಸಿದ ಗೆರೆಯ ತಗ್ಗು ಕಾಣುವುದು ಹಾಳೆಯಲ್ಲಷ್ಟೇ. ಅದನ್ನು ಕಳೆದರೂ ಉಳಿಯುವುದು ಸ್ಪರ್ಶ, ಆ ಕೈ ಮುಟ್ಟಿದ್ದನ್ನು ನಾನೂ ಮುಟ್ಟಿದೆ ಎಂಬ ಭಾವ. ಅದಕ್ಕೆ ನಾನು ಯಾವ ವಾದವನ್ನೂ ಕೊಡಲಾರೆ, ಅದನ್ನು ನಗೆಗೀಡು ಮಾಡುವ ಉತ್ಸಾಹವೂ ನನಗಿಲ್ಲ. ಅದು ಒಡೆಯನ ಪಾಲಿಗಿರಲಿ.

ಸಾಕ್ಷಿಯನ್ನು ತೆರೆದಿಟ್ಟರೆ ಏನು ಸಿಗುತ್ತದೆ ಎಂಬುದಕ್ಕೆ ನಿದರ್ಶನ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. 2008ರಲ್ಲಿ ಹೆಸರು ಹೇಳಲು ಇಷ್ಟಪಡದ ಒಬ್ಬರು, ಸ್ಪೈಡರ್‌ಮ್ಯಾನ್ ಹುಟ್ಟಿದ 1962ರ ‘ಅಮೇಜಿಂಗ್ ಫ್ಯಾಂಟಸಿ’ 15ನೆಯ ಸಂಚಿಕೆಯ ಒಳಪುಟಗಳ ಡಿಟ್ಕೊ ಬರೆದ 24 ಹಾಳೆಗಳನ್ನೂ ಆ ಗ್ರಂಥಾಲಯಕ್ಕೆ ದಾನ ಕೊಟ್ಟರು. ಹರಾಜಿಗೆ ಇಟ್ಟಿದ್ದರೆ ಎಷ್ಟು ಬರುತ್ತಿತ್ತು ಎಂದು ಊಹಿಸುವ ಆಟ ಕಾಮಿಕ್ಸ್ ಮಂದಿಗೆ ಪ್ರಿಯ. ಆದರೆ ಆ ಹಾಳೆಗಳು ಜನರ ಕೈಗೆ ಬಂದ ಮೇಲೆ ತಿಳಿದದ್ದು ಬೇರೆ ಬಗೆಯದು. ಒಂದು ಹಾಳೆಯ ಅಂಚಿನಲ್ಲಿ ಸ್ಟ್ಯಾನ್ ಲೀ ಪೆನ್ಸಿಲ್ಲಿನಲ್ಲಿ ಬರೆದ ಸೂಚನೆಯಿದೆ: ಈ ಕಾರನ್ನು ಮೇಲ್ಚಾವಣಿ ಇರುವ ಕಾರು ಮಾಡು, ಕೈಗಳು ಹೊರಗೆ ಜೋತಾಡುವುದು ಬೇಡ, ಅಡ್ಡಾದಿಡ್ಡಿ ಓಡಿಸುತ್ತಿರುವಂತೆ ತೋರದಿರಲಿ ಎಂದು. ಸ್ಪೈಡರ್‌ಮ್ಯಾನ್‌ನ ಅವತಾರದ ಕ್ಷಣದಲ್ಲಿ ಇಬ್ಬರು ಮನುಷ್ಯರ ನಡುವೆ ಚರ್ಚೆಯಾಗುತ್ತಿದ್ದದ್ದು ಒಂದು ಕಾರಿನ ಮಾಡಿನ ಬಗ್ಗೆ. ಅಚ್ಚಿನ ಪ್ರತಿ ಓದಿದವರಿಗೆ ಇದರ ಸುಳಿವೇ ಇರಲಿಲ್ಲ. ಹಾಳೆಗಳನ್ನು ನೋಡಬೇಕೆನ್ನುವ ಸಂಶೋಧಕರು ಗ್ರಂಥಾಲಯದ ಮುದ್ರಣ ಮತ್ತು ಛಾಯಾಚಿತ್ರ ವಿಭಾಗಕ್ಕೆ ಮೊದಲೇ ಬರೆದು ಸಮಯ ಗೊತ್ತು ಮಾಡಿಕೊಳ್ಳಬೇಕು.